ಗೊಬ್ಬರ ಕೊಳೆಯುತ್ತದೆಯೋ, ಕಳಿಯುತ್ತದೆಯೋ?

ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲೇ ಎಲೆ, ತರಕಾರಿ ಸಿಪ್ಪೆ ಗುಡ್ಡೆ ಹಾಕಿ ಗೊಬ್ಬರ ಮಾಡಿಕೊಳ್ಳುವ ಬಗ್ಗೆ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಒಂದು ಕ್ರಿಯಾಪದ ಸಿಗದೆ ಬರಹ ನಿಂತಿದೆ.

ಗುಡ್ಡೆಯಲ್ಲಿ ಗಾಳಿಯಾಡುತ್ತಿದ್ದರೆ ಒಳಗಿನ ಸೂಕ್ಷ್ಮಜೀವಿಗಳು ಚುರುಕಾಗಿ, ನಡುಭಾಗ 55ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಕೆಲವು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಪುಡಿ ಕೈಗೆ ಬರುತ್ತದೆ. ಅದೇ ಗುಡ್ಡೆ ನೀರು ಹೆಚ್ಚಾಗಿ ಒತ್ತಿಕೊಂಡು ಕೂತರೆ, ಗಾಳಿ ಬೇಡದ ಜೀವಿಗಳದ್ದೇ ಕಾರುಬಾರು. ಲೋಳೆ, ಕೆಟ್ಟ ಮೊಟ್ಟೆಯ ನಾತ. ಎರಡೂ ಬೇರೆ ಬೇರೆ ಕ್ರಿಯೆ. ನಾವು ಮಾತ್ರ ಎರಡಕ್ಕೂ ‘ಕೊಳೆಯುವುದು’ ಅಂದುಬಿಡುತ್ತೇವೆ. ‘ಎಲೆ ಚೆನ್ನಾಗಿ ಕೊಳೆಯಲಿ’ ಎಂದು ಬರೆದರೆ, ಓದಿದವರು ನೀರು ಸುರಿದು ಬಿಗಿಯಾಗಿ ಮುಚ್ಚಿಟ್ಟಾರು ಎಂಬ ಭಯ ನನಗೆ.

ಕೃಷಿ ಬರಹಗಳಲ್ಲಿ ‘ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ’ ಎಂಬ ಮಾತು ಬಳಕೆಯಲ್ಲಿದೆ. ಕಳಿತ ಹಣ್ಣು ತಿನ್ನುವಂಥದ್ದು, ಕೊಳೆತದ್ದು ಎಸೆಯುವಂಥದ್ದು. ನನಗೆ ಬೇಕಾದ ಭೇದ ಇದೇ. ಹಾಗಾಗಿ ಒಳ್ಳೆಯ ಕ್ರಿಯೆಗೆ ‘ಕಳಿ’, ಕೆಟ್ಟದ್ದಕ್ಕೆ ‘ಕೊಳೆ’ ಎಂದು ಗೆರೆ ಎಳೆಯೋಣ ಅಂದುಕೊಂಡೆ. ತೊಡಕು ಎದುರಾದದ್ದು ಪ್ರೇರಣಾರ್ಥಕ ರೂಪದಲ್ಲಿ, ಅಂದರೆ ‘ಕಳಿಯುವಂತೆ ಮಾಡಿ’ ಎಂದು ಒಂದೇ ಪದದಲ್ಲಿ ಹೇಳುವಾಗ: ‘ಎಲೆಗಳನ್ನು ಕಳಿಸಿ’ ಎಂದರೆ ಯಾರಿಗೆ ಕಳಿಸಬೇಕು ಎಂದು ಕೇಳುತ್ತಾರೆ! ‘ಕಳಿಯಲು ಬಿಡಿ’ ಎನ್ನಬಹುದು, ಆದರೆ ಬಿಟ್ಟುಬಿಡುವುದಲ್ಲವಲ್ಲ ಈ ಕೆಲಸ. ವಾರಕ್ಕೋ ಹದಿನೈದು ದಿನಕ್ಕೋ ಮಗುಚಬೇಕು, ಹಿಂಡಿದ ಬಟ್ಟೆಯಷ್ಟು ತೇವ ಕಾಯಬೇಕು.

ಇನ್ನೊಂದು ಜೋಡಿಪದವೂ ಕಾಡುತ್ತಿದೆ. ಸಾರಜನಕ ಹೆಚ್ಚಿರುವ ಕಸಕ್ಕೆ ‘ಹಸಿರು’, ಇಂಗಾಲ ಹೆಚ್ಚಿರುವುದಕ್ಕೆ ‘ಕಂದು’ ಎಂದು ಇಂಗ್ಲಿಷಿನಿಂದ ಅನುವಾದಿಸುವವರಿದ್ದಾರೆ. ಕಾಫಿ ಚರಟದ ಬಣ್ಣ ಕಂದು, ಗುಣ ‘ಹಸಿರಿ’ನದು. ‘ಹಸಿ–ಒಣ’ ಎಂಬುದು ಬಾಯಿಗೆ ಸಲೀಸು. ಆದರೆ ಹಸಿರಿರುವಾಗಲೇ ಕೊಯ್ದು ಒಣಗಿಸಿದ ಹುಲ್ಲಿನಲ್ಲಿ ಸಾರಜನಕ ಬಹುಪಾಲು ಉಳಿದೇ ಇರುತ್ತದೆ. ತೂಕದಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲ ಎಂಬ ಲೆಕ್ಕ ಹೇಳುವಾಗ ಈ ಹೆಸರುಗಳು ದಾರಿ ತಪ್ಪಿಸುತ್ತವೆ. ಸದ್ಯಕ್ಕೆ ‘ಹಸಿ–ಒಣ’ ಇಟ್ಟುಕೊಂಡು, ಚರಟಕ್ಕೂ ಹುಲ್ಲಿಗೂ ಬೇರೆಯೇ ಸಾಲು ಬರೆದಿದ್ದೇನೆ.

ನಿಮ್ಮ ಕಡೆಯ ಮಾತಿನಲ್ಲಿ ‘ಗುಡ್ಡೆ ಈಗ ಕಳಿಯುತ್ತಿದೆ’ ಎಂದು ನಡೆಯುತ್ತಿರುವ ಕ್ರಿಯೆಗೂ ಹೇಳುವುದುಂಟೇ, ಇಲ್ಲ ‘ಕಳಿತ’ ಎಂದು ಮುಗಿದದ್ದಕ್ಕೆ ಮಾತ್ರವೇ? ‘ಕಳಿಸು’ವಿಗೆ ಬದಲಾಗಿ ಬೇರೆ ರೂಪವೇನಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿ.