ಸಹಾಯ ಬೇಕು: ಸೇವಾ ಕಲಿಕೆಯ ಯೋಜನೆ ರೂಪಿಸಲು ಶಿಕ್ಷಕರಿಗೆ ತರಬೇತಿ

ಗುಂಪಿನ ಹಿರಿಯರಿಗೂ ಸಹೋದ್ಯೋಗಿಗಳಿಗೂ ನಮಸ್ಕಾರ. ಉಡುಪಿ ಆಸುಪಾಸಿನ ಪ್ರೌಢಶಾಲೆಗಳ ಸುಮಾರು 30 ಶಿಕ್ಷಕರಿಗೆ ಸೇವಾ ಕಲಿಕೆಯ ಬಗ್ಗೆ, ಅಂದರೆ ಊರಿನ ಸೇವೆಯನ್ನು ತರಗತಿಯ ಪಾಠಕ್ಕೆ ಜೋಡಿಸಿ ಕಲಿಸುವ ವಿಧಾನದ ಬಗ್ಗೆ, 2 ದಿನಗಳ ತರಬೇತಿ ನಡೆಸುವ ಹೊಣೆ ನನ್ನ ಮೇಲಿದ್ದು, ಅದಕ್ಕೆ ನಿಮ್ಮ ನೆರವನ್ನು ಕೋರುತ್ತಿದ್ದೇನೆ.

1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದಂದಿನಿಂದ ಶ್ರಮದಾನ ನಮ್ಮ ವಿದ್ಯಾಸಂಸ್ಥೆಗಳಿಗೆ ಪರಿಚಿತವೇ. ಆದರೆ ಮಲ್ಪೆಯ ಕಡಲತೀರದಲ್ಲಿ ಒಂದು ಬೆಳಗ್ಗೆ ಕಸ ಹೆಕ್ಕಿ ಮರಳಿದರೆ ಸೇವೆಯಾಗುತ್ತದೆಯೇ ಹೊರತು ಕಲಿಕೆಯಾಗುವುದಿಲ್ಲ. ಹೆಕ್ಕಿದ್ದನ್ನು ವಿಂಗಡಿಸಿ ತೂಗಿ, ಅದು ಎಲ್ಲಿಂದ ಬರುತ್ತದೆಂದು ಮೀನುಗಾರರನ್ನು ಕೇಳಿ, ಆ ಲೆಕ್ಕವನ್ನು ಗಣಿತ ಮತ್ತು ವಿಜ್ಞಾನದ ಪಾಠಗಳಿಗೆ ಜೋಡಿಸಿ, ತಾವು ಕಂಡುಕೊಂಡದ್ದನ್ನು ಮಕ್ಕಳು ತಮ್ಮ ಮಾತಿನಲ್ಲಿ ಬರೆದಾಗಲೇ ಆ ಕೆಲಸ ಪಾಠವಾಗುತ್ತದೆ ಎಂಬುದು ನನ್ನ ನಂಬಿಕೆ. ಊರಿನ ಅಗತ್ಯವನ್ನು ಊರಿನವರಿಂದಲೇ ಕೇಳಿ ತಿಳಿಯುವ ಮೊದಲ ಹೆಜ್ಜೆಯನ್ನು ಹೋದ ವರ್ಷ ನಾನೇ ಬಿಟ್ಟಿದ್ದೆ. ಆ ಕೊರಗು ಇನ್ನೂ ಇದೆ.

ಈ ಸಲ ನಗರಕ್ಕೆ ಕುಡಿಯುವ ನೀರು ಒದಗಿಸುವ ಸ್ವರ್ಣಾ ನದಿಯನ್ನೂ ಶಾಲೆಯ ಸುತ್ತಲಿನ ಮನೆಬಾವಿಗಳನ್ನೂ ಮಾದರಿ ಯೋಜನೆಯ ವಿಷಯವಾಗಿ ಆರಿಸಿಕೊಂಡಿದ್ದೇನೆ. ಮಕ್ಕಳ ಅನುಭವವನ್ನು ಹೊರತೆಗೆಯುವ ಪ್ರಶ್ನೆಗಳನ್ನು, ಮುಖ್ಯವಾಗಿ ಅಂಕಗಳಿಗಷ್ಟೇ ಸೀಮಿತವಾಗದ ಮೌಲ್ಯಮಾಪನ ನಮೂನೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿರುವವರು ದಯವಿಟ್ಟು ಇಲ್ಲಿ ಹಂಚಿಕೊಳ್ಳಬೇಕು. ಇಂಥ ಯೋಜನೆ ನಡೆಸಿದ ಶಿಕ್ಷಕರೊಬ್ಬರು ಒಂದು ಗಂಟೆ ಬಂದು ಮಾತನಾಡಲು ಒಪ್ಪಿದರೆ ಬಹಳ ಉಪಕಾರವಾಗುತ್ತದೆ.