ಮುತ್ತಜ್ಜನ ಅಮೆರಿಕ ಪೌರತ್ವದ ಕಾಗದ: ಯಾವ ಕೋರ್ಟಿನದು ಅಂತ ಪತ್ತೆ ಮಾಡೋದು ಹೇಗೆ?

ಬೇರುಹುಡುಕಿ:
ನಮ್ಮ ಯಜಮಾನರ ಮುತ್ತಜ್ಜ ಪೋಲೆಂಡ್ ಕಡೆಯವರು, ಮನೆತನದ ಹೆಸರು ಕೊವಾಲ್ಸ್ಕಿ. 1908ರಲ್ಲಿ ನ್ಯೂಯಾರ್ಕಿಗೆ ಬಂದಿಳಿದು ಬ್ರೂಕ್ಲಿನ್‌ನಲ್ಲಿ ನೆಲೆಸಿದರು. 1920ರ ಜನಗಣತಿಯಲ್ಲಿ ಅವರ ಹೆಸರಿನ ಮುಂದೆ ‘ಎನ್‌ಎ’, 1916 ಅಂತಿದೆ. ಸರ್ಟಿಫಿಕೇಟ್ ಮನೆಯಲ್ಲಿ ಉಳಿದಿಲ್ಲ. ಬರೀ ಹೆಸರು ಕೊಟ್ಟು ಒಂದು ಕಡೆ ವಿಚಾರಿಸಿದೆ, ‘ಸಿಗಲಿಲ್ಲ’ ಅಂತ ಉತ್ತರ ಬಂತು. ಎಲ್ಲಿಂದ ಶುರು ಮಾಡಲಿ? ಮುತ್ತಜ್ಜಿಯ ಕಾಗದವೂ ಬೇಕಿತ್ತು.

ಕಡತಪ್ರಿಯ:
ಮೇಡಂ, ಸರ್ಟಿಫಿಕೇಟ್ ಹುಡುಕಬೇಡಿ. ಅದನ್ನು ಪ್ರಮಾಣ ಮಾಡಿದವರ ಕೈಗೇ ಕೊಟ್ಟುಬಿಡುತ್ತಿದ್ದರು. ಕೋರ್ಟಿನಲ್ಲಿ ಉಳಿಯುವುದು ಪಿಟಿಷನ್, ಅಂದರೆ ಪೌರತ್ವ ಕೋರಿ ಹಾಕಿದ ಅರ್ಜಿ, ನಿಮಗೆ ಬೇಕಾಗಿರುವುದೂ ಅದೇ.

ಪೌರತ್ವ ಕೊಡುತ್ತಿದ್ದದ್ದು ಕೋರ್ಟು. ಹಾಗಾಗಿ ಕೋರ್ಟು ಗೊತ್ತಿಲ್ಲದೆ ಹೆಸರೊಂದನ್ನೇ ಹಿಡಿದು ಹೋದರೆ ಕೈಗೆ ಏನೂ ಹತ್ತುವುದಿಲ್ಲ. 1906ರ ಸೆಪ್ಟೆಂಬರ್ 27ಕ್ಕಿಂತ ಮುಂಚೆ ಇನ್ನೂ ಕಷ್ಟ. ಕೌಂಟಿ ಕೋರ್ಟು, ನಗರದ ಕೋರ್ಟು, ಫೆಡರಲ್ ಕೋರ್ಟು, ಯಾವುದರಲ್ಲಾದರೂ ಆಗುತ್ತಿತ್ತು, ನಮೂನೆಯೂ ಒಂದೇ ಥರ ಇರುತ್ತಿರಲಿಲ್ಲ. ಎಷ್ಟೋ ಕಾಗದಗಳಲ್ಲಿ ಹೆಸರು ಮತ್ತು ದೇಶ ಬಿಟ್ಟರೆ ಏನೂ ಇಲ್ಲ. ಆ ದಿನದಿಂದ ಈಚೆಗೆ ಎಲ್ಲ ಕೋರ್ಟುಗಳಿಗೂ ಒಂದೇ ಫಾರಂ ಬಂತು, ಒಂದು ಪ್ರತಿ ವಾಷಿಂಗ್ಟನ್‌ಗೂ ಹೋಗತೊಡಗಿತು. ನಿಮ್ಮವರದು 1916 ಆದ್ದರಿಂದ ನೀವು ಅದೃಷ್ಟವಂತರು.

ಕಾಗದ ಎರಡು. ಮೊದಲನೆಯದು ಡಿಕ್ಲರೇಶನ್, ಅಂದರೆ ‘ಪೌರನಾಗುವ ಉದ್ದೇಶವಿದೆ’ ಎಂಬ ಘೋಷಣೆ. ಅದಾಗಿ ಕನಿಷ್ಠ ಎರಡು ವರ್ಷ ಕಳೆದ ಮೇಲೆ, ಏಳು ವರ್ಷ ಮೀರುವುದರೊಳಗೆ ಪಿಟಿಷನ್ ಹಾಕಬೇಕು. ದೇಶದಲ್ಲಿ ಐದು ವರ್ಷ ವಾಸವೂ ಆಗಿರಬೇಕು. 1908ರಲ್ಲಿ ಬಂದವರಿಗೆ 1913ಕ್ಕಿಂತ ಮುಂಚೆ ಸಾಮಾನ್ಯವಾಗಿ ಆಗುತ್ತಿರಲಿಲ್ಲ, ಹಾಗಾಗಿ 1916 ಸರಿಯಾಗಿಯೇ ಕೂರುತ್ತದೆ. ಆದರೂ 1913ರಿಂದ 1920ರವರೆಗೆ ನೋಡಿ. ಗಣತಿಯವರಿಗೆ ಮನೆಯಲ್ಲಿ ಯಾರು ಸಿಕ್ಕರೋ ಅವರೇ ಇಸವಿ ಹೇಳಿರುತ್ತಾರೆ. ಜನಗಣತಿಯ ‘ಎನ್‌ಎ’ ಅಂದರೆ ಪೌರತ್ವ ಸಿಕ್ಕಿದೆ, ‘ಪಿಎ’ ಅಂದರೆ ಡಿಕ್ಲರೇಶನ್ ಮಾತ್ರ ಆಗಿದೆ, ‘ಎಎಲ್’ ಅಂದರೆ ಇನ್ನೂ ಪರದೇಶಿ.

ಬ್ರೂಕ್ಲಿನ್‌ಗೆ ಎರಡು ಬಾಗಿಲು ತಟ್ಟಬೇಕು. ಫೆಡರಲ್ ಕೋರ್ಟಾದರೆ ಈಸ್ಟರ್ನ್ ಡಿಸ್ಟ್ರಿಕ್ಟ್, ಅದರ ಹಳೆಯ ಕಡತ ಫೆಡರಲ್ ಸರ್ಕಾರದ ದಾಖಲೆ ಭಂಡಾರವಾದ ನ್ಯಾಷನಲ್ ಆರ್ಕೈವ್ಸ್‌ನ ನ್ಯೂಯಾರ್ಕ್ ಶಾಖೆಯಲ್ಲಿದೆ. ರಾಜ್ಯದ ಕೋರ್ಟಾದರೆ ಬ್ರೂಕ್ಲಿನ್ ಸೇರುವ ಕಿಂಗ್ಸ್ ಕೌಂಟಿಯ ಕ್ಲರ್ಕ್ ಕಚೇರಿ. ಬಹಳ ಜನ ಎಡವುವುದು ಇಲ್ಲೇ: ರಾಜ್ಯದ ಕೋರ್ಟಿನ ಕಾಗದವನ್ನು ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಕೇಳಿ, ‘ಇಲ್ಲ’ ಅಂದ ಕೂಡಲೇ ಕೈಬಿಡುತ್ತಾರೆ. ಮ್ಯಾನ್‌ಹ್ಯಾಟನ್ನಿನ ಸದರ್ನ್ ಡಿಸ್ಟ್ರಿಕ್ಟನ್ನೂ ಒಮ್ಮೆ ನೋಡಿಬಿಡಿ. ಮೊದಲು ವಂಶಾವಳಿ ಹುಡುಕುವ ವೆಬ್‌ಸೈಟ್ ಫ್ಯಾಮಿಲಿಸರ್ಚ್‌ನಲ್ಲಿ ಸೂಚಿ ಕಾರ್ಡು ಹುಡುಕಿ, ಪಿಟಿಷನ್ ನಂಬರ್ ಹಿಡಿದು ಆಮೇಲೆ ಬರೆಯಿರಿ.

ಅಕ್ಷರಶೋಧ:
ಕಾಗುಣಿತದ ಬಗ್ಗೆ ಒಂದು ಮಾತು. ಎಷ್ಟೋ ಸೂಚಿಗಳು ಸೌಂಡೆಕ್ಸ್ ಕ್ರಮದಲ್ಲಿವೆ, ಅಂದರೆ ಹೆಸರುಗಳನ್ನು ಉಚ್ಚಾರಣೆಯ ಸಂಕೇತದ ಪ್ರಕಾರ ಜೋಡಿಸಿರುತ್ತಾರೆ. ನ್ಯೂಯಾರ್ಕ್ ನಗರದ 1792–1906ರದ್ದು ಹಾಗೇ, ಚಿಕಾಗೊ ಸುತ್ತಲಿನ 1840–1950ರದ್ದೂ ಹಾಗೇ. ಹೆಸರಿನ ಮೊದಲ ಅಕ್ಷರ, ಅದರ ಜೊತೆ ಮೂರು ಅಂಕಿ. ಸ್ವರಗಳನ್ನು ಬಿಟ್ಟು ವ್ಯಂಜನಕ್ಕೆ ಮಾತ್ರ ಅಂಕಿ. ಇಂಗ್ಲಿಷಿನಲ್ಲಿ ಕೊವಾಲ್ಸ್ಕಿಯನ್ನು ‘ಡಬ್ಲ್ಯು’ ಹಾಕಿ ಬರೆದರೆ ಕೆ-420, ಏಕೆಂದರೆ ಡಬ್ಲ್ಯುಗೆ ಅಂಕಿ ಇಲ್ಲ. ಗುಮಾಸ್ತ ಕೇಳಿದ ಹಾಗೆ ‘ವಿ’ ಹಾಕಿದ್ದರೆ ಕೆ-142. ಒಂದೇ ಒಂದು ಅಕ್ಷರ, ಕಾರ್ಡು ಬೇರೆ ಡ್ರಾಯರ್‌ಗೆ ಹೋಗಿ ಕೂತಿರುತ್ತದೆ! ಮೊದಲಕ್ಷರ ‘ಸಿ’ ಆದ ಕಾರ್ಡನ್ನೂ, ಮೊಟಕಾದ ‘ಕೋವಲ್’ ಅನ್ನೂ ನೋಡಿ.

ದೇಶದ ಕಾಲಂನಲ್ಲಿ ಪೋಲೆಂಡ್ ಅಂತ ಹುಡುಕಬೇಡಿ. 1918ರವರೆಗೆ ಆ ದೇಶ ನಕ್ಷೆಯಲ್ಲೇ ಇರಲಿಲ್ಲ. ರಷ್ಯಾ, ಆಸ್ಟ್ರಿಯಾ ಇಲ್ಲವೇ ಜರ್ಮನಿ ಅಂತ ಇರುತ್ತದೆ. ಅರ್ಜಿದಾರರು ಯಾವ ದೊರೆಯ ಮೇಲಿನ ನಿಷ್ಠೆ ಬಿಡುತ್ತಿದ್ದಾರೆ ಅಂತ ಪಿಟಿಷನ್ನಲ್ಲಿ ಬರೆದಿರುತ್ತದೆ. ರಷ್ಯಾದ ಚಕ್ರವರ್ತಿ ಎರಡನೆಯ ನಿಕೋಲಸ್ ಅಂತಿದ್ದರೆ ಊರು ಯಾವ ಭಾಗದ್ದು ಅನ್ನುವುದೂ ಗೊತ್ತಾದ ಹಾಗೆ.

ಬೇರುಹುಡುಕಿ:
ತುಂಬಾ ಉಪಕಾರವಾಯಿತು. ಮೂರು ಕಡೆಯ ಸೂಚಿಯಲ್ಲೂ ಸಿಗದಿದ್ದರೆ? ಮುತ್ತಜ್ಜಿಯದು?

ಕಡತಪ್ರಿಯ:
ಸಿಗದಿದ್ದರೆ ವಾಷಿಂಗ್ಟನ್‌ಗೆ ಹೋದ ಆ ಪ್ರತಿಯೇ ಗತಿ. ಅದು ‘ಸಿ-ಫೈಲ್’, 1906ರ ಸೆಪ್ಟೆಂಬರ್‌ನಿಂದ 1956ರ ಮಾರ್ಚ್‌ವರೆಗಿನದು. ಅದನ್ನು ಕೇಳಬೇಕಾದದ್ದು ನ್ಯಾಷನಲ್ ಆರ್ಕೈವ್ಸನ್ನಲ್ಲ, ವಲಸೆ ಇಲಾಖೆಯ ವಂಶಾವಳಿ ವಿಭಾಗವನ್ನು. ಶುಲ್ಕವಿದೆ, ಕಾಯಬೇಕಾಗುತ್ತದೆ, ಆದರೆ ಕೋರ್ಟು ಯಾವುದೆಂದು ಗೊತ್ತಿಲ್ಲದಿದ್ದರೂ ಹುಡುಕುತ್ತಾರೆ. ವ್ಯಕ್ತಿ ಹುಟ್ಟಿ ನೂರು ವರ್ಷ ಆಗಿರದಿದ್ದರೆ ಮರಣದ ಪುರಾವೆ ಕೇಳುತ್ತಾರೆ, ನಿಮಗೆ ಆ ತೊಂದರೆ ಇಲ್ಲ. ಅವರು 1925ರೊಳಗೆ ಪಾಸ್‌ಪೋರ್ಟ್ ಮಾಡಿಸಿ ಊರಿಗೆ ಹೋಗಿಬಂದಿದ್ದರೆ ಆ ಅರ್ಜಿಯಲ್ಲಿ ಕೋರ್ಟಿನ ಹೆಸರು, ತಾರೀಖು ಎರಡೂ ಸಿಗಬಹುದು.

ಮುತ್ತಜ್ಜಿಗೆ ಬೇರೆ ಕಾಗದ ಇರುವುದು ಅನುಮಾನ. 1922ರ ಸೆಪ್ಟೆಂಬರ್ 22ರವರೆಗೆ ಗಂಡ ಪೌರನಾದರೆ ಹೆಂಡತಿಯೂ ತಾನಾಗಿ ಪೌರಳು. ಗಂಡನ ಪಿಟಿಷನ್‌ನಲ್ಲೇ ಅವರ ಹೆಸರು, ಮಕ್ಕಳ ಹೆಸರು, ಹುಟ್ಟಿದ ತಾರೀಖು ನೋಡಿ. ಫೋಟೋ ನಿರೀಕ್ಷಿಸಬೇಡಿ, ಅದು ಕಡ್ಡಾಯವಾದದ್ದು 1929ರ ಜುಲೈನಿಂದ.

ಪಡುವಣಗಾಳಿ:
ಇದೇ ದಾರಿಯಲ್ಲಿ ಭಾರತದಿಂದ ಹೋದವರನ್ನು ಹುಡುಕುವವರು ಗಮನಿಸಿ. ಭಗತ್ ಸಿಂಗ್ ಥಿಂಡ್ ಎಂಬ ವಲಸಿಗರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1923ರಲ್ಲಿ ಕೊಟ್ಟ ತೀರ್ಪಿನಿಂದ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಅಂತಾಯಿತು, ಅದಾಗಲೇ ಪಡೆದಿದ್ದವರ ಮೇಲೂ ಸರ್ಕಾರ ದಾವೆ ಹೂಡಿತು. ಹಾಗಾಗಿ ಅದಕ್ಕೆ ಮುಂಚಿನ ಪಿಟಿಷನ್ ಸಿಕ್ಕಿದರೆ ಅಲ್ಲಿಗೇ ನಿಲ್ಲಿಸದೆ, ಅದೇ ಫೆಡರಲ್ ಕೋರ್ಟಿನ ರದ್ದತಿ ಮೊಕದ್ದಮೆಗಳನ್ನೂ ನೋಡಿ. ಬಾಗಿಲು ಮತ್ತೆ ತೆರೆದದ್ದು 1946ರ ಜುಲೈನಲ್ಲಿ. ನಡುವಿನ ಕಾಲಕ್ಕೆ 1940ರ ಪರದೇಶಿ ನೋಂದಣಿ ಫಾರಂ ಕೇಳಿ, ಪೌರರಾಗದೆ ಉಳಿದವರೂ ಅದನ್ನು ತುಂಬಲೇಬೇಕಿತ್ತು.