‘ರಾಜೀನಾಮೆ’: ಕೊಡುವುದೋ, ಮಾಡಿಕೊಳ್ಳುವುದೋ?

ಮಾನ್ಯರೇ,

ಕಲಬುರಗಿಯಲ್ಲಿ ಕಚೇರಿ ಇಟ್ಟುಕೊಂಡು ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಹಳ್ಳಿಗಳಿಗೆ ಸಂಚಾರಿ ಚಿಕಿತ್ಸಾಲಯ ಕಳಿಸುವ ಒಂದು ಧರ್ಮಾರ್ಥ ಆರೋಗ್ಯ ಸಂಸ್ಥೆಗೆ ನಾನು ಮಾನವ ಸಂಪನ್ಮೂಲ ಸಲಹೆಗಾರನಾಗಿದ್ದೇನೆ. ನೇಮಕಾತಿ, ರಜೆ, ದೂರು, ವಿಚಾರಣೆ, ಕಡೆಗೆ ಲೆಕ್ಕ ಚುಕ್ತಾ, ಎಲ್ಲ ಕಾಗದಗಳೂ ನನ್ನ ಮೇಜನ್ನು ಹಾದೇ ಹೋಗುತ್ತವೆ. ಅಂಥ ಒಂದು ಕಾಗದದಿಂದ ಹುಟ್ಟಿದ ಪ್ರಶ್ನೆಯಿದು.

ಬೀದರ್ ಕಡೆಯ ತಂಡವೊಂದರಲ್ಲಿ ನರ್ಸ್‌ಗೂ ವಾಹನ ಚಾಲಕರಿಗೂ ಬಹಳ ದಿನದ ಜಗಳವಿತ್ತು. ಔಷಧಿಯ ಪೆಟ್ಟಿಗೆಗಳನ್ನು ಇಳಿಸುವುದು ಯಾರ ಕೆಲಸ ಎಂಬುದೇ ಅದರ ಮೂಲ. ಒಂದು ದಿನ ಮೇಲ್ವಿಚಾರಕರಿಂದ ಅರ್ಧ ಹಾಳೆಯ ಪತ್ರ ಬಂತು: “ಇಬ್ಬರೂ ನಿನ್ನೆ ನನ್ನ ಎದುರಿಗೆ ರಾಜೀನಾಮೆ ಮಾಡಿಕೊಂಡಿದ್ದಾರೆ. ಸಹಿ ಹಾಕಿದ್ದಾರೆ. ಮುಂದಿನ ಕ್ರಮ ಬೇಡ.” ಮೈಸೂರು ಸೀಮೆಯವರಾದ ನಮ್ಮ ಲೆಕ್ಕಿಗರು ಇಬ್ಬರ ಹೆಸರನ್ನೂ ಆ ತಿಂಗಳ ಪಗಾರ ಪಟ್ಟಿಯಿಂದ ತೆಗೆದುಬಿಟ್ಟರು. ನರ್ಸ್ ಸೇರಿ ಆಗ ನಾಲ್ಕು ವರ್ಷ ಐದು ತಿಂಗಳಾಗಿತ್ತು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆ ಐದು ವರ್ಷದ ಸೇವೆಯನ್ನು ಕೇಳುತ್ತಿದ್ದುದರಿಂದ, ಆ ಹೊತ್ತಿಗೆ ಕೆಲಸ ಬಿಡುವುದೆಂದರೆ ಕೈಗೆ ಬರುವ ದುಡ್ಡನ್ನು ಬಾಗಿಲಲ್ಲೇ ಬಿಟ್ಟುಹೋದಂತೆ. ಗಾಬರಿಯಾಗಿ ನರ್ಸ್‌ಗೆ ಫೋನ್ ಮಾಡಿದೆ. “ನೌಕರಿ ಯಾಕ ಬಿಡ್ಲಿರೀ ಸರ? ರಾಜಿನಾಮಾ ಆಗ್ಯದ ಅಂದ್ರ ಜಗಳ ಮುಗೀತು ಅಂತ ಅಲ್ಲೇನ್ರೀ?” ಎಂದರು.

ತಪ್ಪು ನಮ್ಮದೇ. ಕ್ರಿಯಾಪದವನ್ನು ನಾವು ಓದಿರಲಿಲ್ಲ. ಕೆಲಸ ಬಿಡುವವರು ರಾಜೀನಾಮೆಯನ್ನು ‘ಕೊಡುತ್ತಾರೆ’, ಇಲ್ಲವೆ ‘ಸಲ್ಲಿಸುತ್ತಾರೆ’. ‘ಮಾಡಿಕೊಳ್ಳುವುದು’ ಯಾವತ್ತಿದ್ದರೂ ಇಬ್ಬರ ನಡುವಿನ ಒಪ್ಪಂದವನ್ನೇ. ‘ಕೊಳ್ಳು’ ಎಂಬ ಆ ಸಣ್ಣ ಸಹಾಯಕ ಕ್ರಿಯಾಪದದಲ್ಲಿ ಅರ್ಥವೆಲ್ಲ ಇತ್ತು.

ಪದದ ಹುಟ್ಟನ್ನು ನೋಡಿದರೆ ಮೇಲ್ವಿಚಾರಕರ ಬಳಕೆಯೇ ಮೂಲಕ್ಕೆ ಹತ್ತಿರ. ಅರಬ್ಬಿಯಿಂದ ಪಾರಸಿಗೆ ಬಂದ ‘ರಾಜಿ’ ಎಂದರೆ ಒಪ್ಪಿದ, ಸಮ್ಮತಿಸಿದ. ‘ನಾಮಾ’ ಎಂದರೆ ಪತ್ರ, ನಮ್ಮ ಕರಾರುನಾಮೆ, ಪಂಚನಾಮೆಗಳಲ್ಲಿ ಇರುವಂತೆಯೇ. ಇದೇ ಧಾತುವಿನಿಂದ ಬಂದದ್ದು ‘ರಜಾ’, ಅಂದರೆ ಸಮ್ಮತಿ, ಅಪ್ಪಣೆ. ಅದೇ ನಮ್ಮ ‘ರಜೆ’. ರಜೆಯ ಅರ್ಜಿಯೂ ರಾಜೀನಾಮೆಯೂ ಒಂದೇ ಬೇರಿನವು ಎಂಬುದು ನನ್ನಂಥವನಿಗೆ ಸ್ವಲ್ಪ ಭಯದ ಸಂಗತಿ.

ಒಪ್ಪಿಗೆಯ ಪತ್ರ ಬಿಡುಗಡೆಯ ಪತ್ರವಾದದ್ದು ಜಮೀನಿನ ದಾರಿಯಿಂದ ಎಂದು ನನಗೆ ತೋರುತ್ತದೆ. ಮುಂಬಯಿ ಪ್ರಾಂತದ ಕಂದಾಯ ವ್ಯವಸ್ಥೆಯಲ್ಲಿ ಹಿಡುವಳಿಯನ್ನು ಬಿಟ್ಟುಕೊಡುವ ರೈತನು ‘ರಾಜೀನಾಮೆ’ಯನ್ನೂ, ಅದನ್ನು ವಹಿಸಿಕೊಳ್ಳುವವನು ‘ಕಬೂಲಾಯತಿ’ಯನ್ನೂ ಬರೆದುಕೊಡುತ್ತಿದ್ದರು. ಭೂಮಿಯನ್ನು ಒಪ್ಪಿ ಬಿಡುವ ಪತ್ರವು ಹುದ್ದೆಯನ್ನು ಒಪ್ಪಿ ಬಿಡುವ ಪತ್ರವಾಗಲು ದೂರವೇನಿಲ್ಲ. ಮರಾಠಿಯಲ್ಲೂ ತೆಲುಗಿನಲ್ಲೂ ಅದೇ ಅರ್ಥ ನಿಂತಿದೆ. ಉರ್ದು ಮಾತ್ರ ರಾಜಿನಾಮೆಯನ್ನು ರಾಜಿಗೇ ಉಳಿಸಿಕೊಂಡು, ಕೆಲಸ ಬಿಡುವುದಕ್ಕೆ ‘ಇಸ್ತೀಫಾ’ ಎನ್ನುತ್ತದೆ. ಅದು ‘ಮಾಫಿ’ಯ ಧಾತುವಿನ ಪದ, ಅಂದರೆ ತನ್ನನ್ನು ಬಿಟ್ಟುಬಿಡಿ ಎಂದು ಕೇಳಿಕೊಳ್ಳುವುದು.

1948ರ ಸೆಪ್ಟೆಂಬರ್‌ವರೆಗೆ ಈ ಮೂರೂ ಜಿಲ್ಲೆಗಳ ಪ್ರದೇಶ ನಿಜಾಮರ ಆಡಳಿತದಲ್ಲಿತ್ತು, ಕಚೇರಿಯ ಭಾಷೆ ಉರ್ದುವಾಗಿತ್ತು. ಆದ್ದರಿಂದ ಇಲ್ಲಿಯ ಹಿರಿಯರ ಕನ್ನಡದಲ್ಲಿ ಹಳೆಯ ಅರ್ಥ ಬದುಕಿರುವುದು ಸಹಜ. ತೊಡಕೇನೆಂದರೆ, ಬಸವಕಲ್ಯಾಣದ ಮರಾಠಿ ಮಾತಿನ ಆಯಾ ‘ರಾಜೀನಾಮಾ’ ಎಂದರೆ ಕೆಲಸ ಬಿಟ್ಟಂತೆ, ಅದೇ ಊರಿನ ಉರ್ದು ಮಾತಿನ ಕಾಂಪೌಂಡರ್ ಹಾಗೆಂದರೆ ಜಗಳ ಬಿಟ್ಟಂತೆ. ಇಬ್ಬರೂ ತುಂಬುವುದು ಒಂದೇ ಕನ್ನಡ ನಮೂನೆಯನ್ನು.

ಆ ನಮೂನೆಯನ್ನು ಈಗ ತಿದ್ದಬೇಕಾಗಿದೆ. ‘ತ್ಯಾಗಪತ್ರ’ ಎಂದು ಕೆಲವರು ಸೂಚಿಸಿದರು. ಹನ್ನೆರಡು ಸಾವಿರ ರೂಪಾಯಿಯ ಕೆಲಸ ಬಿಟ್ಟು ಹದಿನೈದು ಸಾವಿರದ ಕೆಲಸಕ್ಕೆ ಹೋಗುವವರನ್ನು ತ್ಯಾಗಿ ಎನ್ನಲು ನನಗೆ ಮನಸ್ಸಾಗದು. ‘ಕೆಲಸ ಬಿಡುವ ಅರ್ಜಿ’ ಎಂದರೆ ಮಂಜೂರಾದರೆ ಮಾತ್ರ ಬಿಡಬಹುದೆಂಬ ಧ್ವನಿ ಬರುತ್ತದೆ. ಸದ್ಯಕ್ಕೆ ‘ಕೆಲಸ ಬಿಡುವ ಪತ್ರ’ ಮತ್ತು ‘ರಾಜಿ ಪತ್ರ’ ಎಂದು ಎರಡು ನಮೂನೆ ಮಾಡಿ, ‘ರಾಜೀನಾಮೆ’ಯನ್ನು ಎರಡರಿಂದಲೂ ತೆಗೆದಿದ್ದೇನೆ. ಲೆಕ್ಕಿಗರಿಗೆ ಇದು ಹಿಡಿಸಿಲ್ಲ.

ಬಲ್ಲವರಲ್ಲಿ ನನ್ನ ಪ್ರಶ್ನೆ ಇಷ್ಟು. ನಿಮ್ಮ ಮನೆಯ ಹಳೆಯ ಕಾಗದಪತ್ರಗಳಲ್ಲಿ, ವಿಶೇಷವಾಗಿ 1956ಕ್ಕಿಂತ ಮೊದಲಿನ ಕಲಬುರಗಿ, ಬೀದರ್ ಕಡೆಯ ಕನ್ನಡ ಬರಹದಲ್ಲಿ, ‘ರಾಜೀನಾಮೆ’ ಎಂಬುದು ರಾಜಿಯ ಅರ್ಥದಲ್ಲಿ ಕಂಡಿದೆಯೇ? ಕಂಡಿದ್ದರೆ ಅದರ ಜೊತೆ ಬಂದ ಕ್ರಿಯಾಪದ ಯಾವುದು? ಸಾಧ್ಯವಾದರೆ ಇಡೀ ವಾಕ್ಯವನ್ನೇ ಬರೆದು ತಿಳಿಸಿ.